ಅಸೂಟಿ ಬಸ್ಸಿನ ದೂರು ಪುಸ್ತಕ

ಹೋದ ತಿಂಗಳು ಗಜೇಂದ್ರಗಡಕ್ಕೆ ಒಂದು ಮದುವೆಗೆ ಹೋಗುವಾಗ ರೋಣದ ನಿಲ್ದಾಣದಲ್ಲಿ ಬಸ್ಸು ಬದಲಾಯಿಸಬೇಕಾಯಿತು. ಆಗಷ್ಟೇ ಮಳೆ ನಿಂತಿತ್ತು. ಚಕ್ರಕ್ಕೆಲ್ಲ ಎರೆಮಣ್ಣು ಮೆತ್ತಿಕೊಂಡ ಬಸ್ಸೊಂದು ಹಿಂದಕ್ಕೆ ಸರಿದು ನನ್ನ ಮುಂದೆ ನಿಂತಿತು. ಒದ್ದೆ ಎರೆಮಣ್ಣು, ಸುಟ್ಟ ಡೀಸೆಲ್, ಎರಡೂ ಬೆರೆತ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲುಗಳು ತಾವಾಗಿಯೇ ಕಂಟ್ರೋಲರ್ ಕೋಣೆಯ ಕಡೆ ತಿರುಗಿದವು. "ಮತ್ತೆ ಎಲ್ಲಿಗೆ ಹೊರಟೆ? ಒಂದು ನಿಮಿಷ ಕೂತ್ಕೋಬಾರದಾ?" ಎಂದರು ನಮ್ಮ ಯಜಮಾನರು. ಕೂರುವುದು ನನ್ನ ಜಾಯಮಾನವೇ ಅಲ್ಲ, ಆ ವಾಸನೆ ಬಂದರಂತೂ ಸಾಧ್ಯವೇ ಇಲ್ಲ. ಒಂದು ಇಡೀ ಮಳೆಗಾಲ ಅದನ್ನು ಮೂಸುತ್ತ ರೋಣ, ನರಗುಂದ, ಗಜೇಂದ್ರಗಡ ಎಂದು ತಿರುಗಿದವಳು ನಾನು. ಹಾಗೆ ತಿರುಗುವ ಅವಸರದಲ್ಲಿ ಒಬ್ಬ ಒಳ್ಳೆಯ ಮನುಷ್ಯನ ಹೆಸರು ಕೆಡಿಸಿದವಳೂ ನಾನೇ.

ಎರಡು ಸಾವಿರದ ದಶಕದ ನಡುಭಾಗದ ಮಾತಿದು. ನನಗೆ ಇಪ್ಪತ್ತೇಳು ವರ್ಷ. ಇನ್ನೂ ಮದುವೆಯಾಗಿರಲಿಲ್ಲ. ತುಮಕೂರಿನ ಕಡೆಯಿಂದ ಬಂದು ಬಸ್ಸಿನ ಸಂಸ್ಥೆಯಲ್ಲಿ ಅಂಕಿಅಂಶ ಸಹಾಯಕಿ ಆಗಿದ್ದೆ. ಗದಗಿನ ದೊಡ್ಡ ಕಚೇರಿಯ ಸಾಹೇಬರು ನನ್ನನ್ನು ಹುಬ್ಬಳ್ಳಿಗೆ ಮೂರು ದಿನದ ತರಬೇತಿಗೆ ಕಳಿಸಿದರು. ಅಲ್ಲಿ ಬ್ಯಾಲೆನ್ಸ್ಡ್ ಸ್ಕೋರ್ ಕಾರ್ಡ್ ಎಂಬುದನ್ನು ಹೇಳಿಕೊಟ್ಟರು. ಒಂದು ಹಾಳೆ, ಅದರಲ್ಲಿ ನಾಲ್ಕು ಮನೆ. ಮೊದಲನೆಯ ಮನೆ ಆದಾಯದ್ದು. ಎರಡನೆಯದು ಗಿರಾಕಿಯದು, ಅಂದರೆ ನಮ್ಮಲ್ಲಿ ಪ್ರಯಾಣಿಕರದು. ಮೂರನೆಯದು ಒಳಗಿನ ಕೆಲಸದ್ದು: ಬಸ್ಸು ಹೊತ್ತಿಗೆ ಸರಿಯಾಗಿ ಹೊರಡುತ್ತದೆಯೇ, ದಾರಿಯಲ್ಲಿ ಕೆಟ್ಟು ನಿಲ್ಲುತ್ತದೆಯೇ. ನಾಲ್ಕನೆಯದು ನೌಕರರ ಕಲಿಕೆಯದು. ಬರೀ ಆದಾಯ ನೋಡಿ ಸಂಸ್ಥೆ ಚೆನ್ನಾಗಿದೆ ಅನ್ನಬೇಡಿ, ನಾಲ್ಕೂ ಮನೆ ಒಟ್ಟಿಗೆ ನೋಡಿ, ಒಂದು ಮನೆ ಹೇಳುವುದು ಪಕ್ಕದ ಮನೆ ಹೇಳುವುದಕ್ಕೆ ತಾಳೆಯಾಗದಿದ್ದರೆ ಎದ್ದು ಹೋಗಿ ಕಾರಣ ಹುಡುಕಿ ಎಂದರು ಕಲಿಸಿದವರು. ನನಗೆ ಮೈ ಜುಮ್ಮೆಂದಿತು. ಅಲ್ಲಿಯವರೆಗೆ ನಮ್ಮ ಡಿಪೋಗಳಲ್ಲಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಇವತ್ತು ಎಷ್ಟು ತಂದೆ ಅಂತ. ಒಳಗೆ ಕೂತ ಮನುಷ್ಯ ಹೇಗಿದ್ದಾನೆ ಎಂದು ಯಾರೂ ಕೇಳಿದ್ದಿಲ್ಲ. ನಾನು ಕೇಳುತ್ತೇನೆ ಎಂದು ವಾಪಸು ಬರುವಾಗ ಬಸ್ಸಿನಲ್ಲೇ ತೀರ್ಮಾನಿಸಿಬಿಟ್ಟೆ. ಎದ್ದು ಹೋಗಿ ಕಾರಣ ಹುಡುಕಿ ಎಂಬ ಮಾತನ್ನು ನೋಟ್ ಬುಕ್ಕಿನಲ್ಲಿ ಅಡಿಗೆರೆ ಹಾಕಿ ಬರೆದುಕೊಂಡಿದ್ದೆ. ಬರೆದುಕೊಂಡು ಮರೆತೆ.

ರೋಣದ ಡಿಪೋದಲ್ಲಿ ಟಯರು ಇಡುವ ಕೋಣೆಯ ಪಕ್ಕ ನನಗೊಂದು ಮೇಜು, ಒಂದು ಮರದ ಕಪಾಟು ಕೊಟ್ಟರು. ಸೋಮವಾರ ರೋಣ, ಬುಧವಾರ ನರಗುಂದ, ಶುಕ್ರವಾರ ಗಜೇಂದ್ರಗಡ, ನಡುವಿನ ದಿನ ಯಾವುದಾದರೂ ಹಳ್ಳಿಯ ಬಸ್ಸು. ಮೂರೂ ಡಿಪೋದ ಗೋಡೆಗೆ ದೊಡ್ಡ ಹಾಳೆಯಲ್ಲಿ ನಾಲ್ಕು ಮನೆ ಬರೆದು ಅಂಟಿಸಿದೆ. ಚೆನ್ನಾಗಿದ್ದ ಮನೆಗೆ ಹಸಿರು, ಕೆಟ್ಟಿದ್ದ ಮನೆಗೆ ಕೆಂಪು ಬೊಟ್ಟು ಹಚ್ಚಬೇಕಿತ್ತು. ತರಬೇತಿಯಲ್ಲಿ ಕೊಟ್ಟ ಬಣ್ಣದ ಚೀಟಿ ಹದಿನೈದು ದಿನಕ್ಕೆ ಮುಗಿದವು. ಗಜೇಂದ್ರಗಡದ ಬಳೆ ಅಂಗಡಿಯಲ್ಲಿ ಟಿಕಳಿ ಕೊಂಡು ತಂದೆ. ಹಣೆಗೆ ಹಚ್ಚುವ ಟಿಕಳಿಯನ್ನು ಗೋಡೆಗೆ ಹಚ್ಚುವ ನನ್ನನ್ನು ನೋಡಿ ಮೆಕ್ಯಾನಿಕ್ಕುಗಳು ಬಿದ್ದು ಬಿದ್ದು ನಕ್ಕರು. ಕಾರ್ಡಿಗೆ ಅವರಿಟ್ಟ ಹೆಸರು ಮಾರ್ಕ್ಸ್ ಕಾರ್ಡ್. ನನಗಿಟ್ಟ ಹೆಸರು ಕಾರ್ಡ್ ಬಾಯಾರ, ಅಂದರೆ ಕಾರ್ಡ್ ಮೇಡಂ.

"ಬಾಯಾರ, ನಮ್ಮ ಮೊಮ್ಮಕ್ಕಳು ಸಾಲಿಗೆ ಹೋಗೂ ವಯಸ್ಸಿನ್ಯಾಗ ನಮಗ್ಯಾಕ್ರಿ ಮಾರ್ಕ್ಸ್ ಕಾರ್ಡ?" ಎಂದು ಕೇಳಿದವರು ಶಿವಲಿಂಗಪ್ಪ. ರೋಣದ ನಿಲ್ದಾಣದ ಕಂಟ್ರೋಲರ್. ಬಸ್ಸುಗಳು ಬರುವುದು ಹೋಗುವುದನ್ನು ಬರೆದುಕೊಳ್ಳುವುದು, ಮೈಕಿನಲ್ಲಿ ಕೂಗುವುದು, ಫೋನು ಎತ್ತುವುದು ಅವರ ಕೆಲಸ.

"ಫೇಲಾದವರ ಹೆಸರು ಮೈಕಿನಲ್ಲಿ ನೀವೇ ಕೂಗಬೇಕು, ಅದಕ್ಕೆ," ಎಂದೆ. ಆಗ ನನ್ನ ನಾಲಿಗೆ ಹಾಗಿತ್ತು.

ಸುಳ್ಳು ಹೇಳಬಾರದು, ಕಾರ್ಡಿನಿಂದ ಉಪಯೋಗವೂ ಆಯಿತು. ಗಜೇಂದ್ರಗಡದ ಬಸ್ಸುಗಳು ಬೆಳಿಗ್ಗೆ ತಡವಾಗಿ ಹೊರಡುತ್ತಿದ್ದವು. ಚಾಲಕರು ಸೋಮಾರಿಗಳು ಎಂದು ವರ್ಷಗಟ್ಟಲೆ ಬೈಸಿಕೊಂಡಿದ್ದರು. ಮೂರನೆಯ ಮನೆ ತುಂಬಲೆಂದು ಎರಡು ಬೆಳಿಗ್ಗೆ ಅಲ್ಲೇ ನಿಂತು ನೋಡಿದೆ. ಚಕ್ರಕ್ಕೆ ಗಾಳಿ ತುಂಬುವ ಯಂತ್ರ ಇದ್ದದ್ದು ಒಂದು. ಎಲ್ಲ ಬಸ್ಸೂ ಅದರ ಮುಂದೆ ಪಾಳಿ ಹಚ್ಚುತ್ತಿದ್ದವು. ಹಿಂದಿನ ಸಂಜೆಯೇ ಗಾಳಿ ತುಂಬುವ ಪದ್ಧತಿ ಮಾಡಿದೆವು, ತಿಂಗಳೊಳಗೆ ಆ ಮನೆ ಹಸಿರಾಯಿತು. ನನ್ನ ತಲೆ ಅಲ್ಲಿಗೆ ಕೆಟ್ಟಿತು. ಇನ್ನು ನಾನು ಮಾಡಿದ್ದೆಲ್ಲ ಸರಿ ಅನ್ನಿಸತೊಡಗಿತು.

ಖಾಲಿ ಉಳಿದದ್ದು ಪ್ರಯಾಣಿಕರ ಮನೆ. ಅದನ್ನು ಹೇಗೆ ಅಳೆಯುವುದು? ಬಸ್ಸಿನಲ್ಲೇ ಒಂದು ದೂರು ಪುಸ್ತಕ ಕಟ್ಟೋಣ, ತಿಂಗಳ ಕೊನೆಗೆ ದೂರು ಎಣಿಸೋಣ, ಕಡಿಮೆ ಇದ್ದರೆ ಹಸಿರು, ಹೆಚ್ಚಿದ್ದರೆ ಕೆಂಪು ಎಂದು ಯೋಚಿಸಿದೆ. ಮೊದಲು ಮೂರು ಬಸ್ಸಿಗೆ ಅಂತ ಮೂರು ಪುಸ್ತಕ ಕೊಂಡು, ಬಸ್ಸಿನ ಬೋರ್ಡಿಗೆ ಊರ ಹೆಸರು ಬರೆಯುವ ಡಿಪೋದ ಪೇಂಟರ್ ಕೈಗೆ ಕೊಟ್ಟೆ. ಹೊದಿಕೆಯ ಮೇಲೆ ದೂರು ಪುಸ್ತಕ ಅಂತ ಬರೀರಿ, ಒಳಗೆ ಹೆಸರು, ಊರು, ದೂರು ಅಂತ ಮೂರು ಗೆರೆ ಎಳೀರಿ ಎಂದೆ. ಆ ಕಡೆಯ ಮಂದಿಯ ಬಾಯಲ್ಲಿ ಪದದ ಕೊನೆಯ ಉಕಾರ ನಿಲ್ಲುವುದಿಲ್ಲ. ಪೇಂಟರ್ ತಾನು ಆಡುವಂತೆಯೇ ಚೆಂದದ ಅಕ್ಷರದಲ್ಲಿ 'ದೂರ ಪುಸ್ತಕ' ಎಂದು ಬರೆದುಕೊಟ್ಟ. ನಾನು ನೋಡಿದೆ, ನಕ್ಕೆ. ತಿದ್ದಿಸಲು ಕೂತರೆ ನರಗುಂದದ ಬಸ್ಸು ತಪ್ಪುತ್ತಿತ್ತು. ಹಾಗೇ ಕಟ್ಟಿಸಿದೆ.

ನರಗುಂದದ ಪುಸ್ತಕ ಮೂರನೆಯ ದಿನಕ್ಕೇ ಕಾಣೆಯಾಯಿತು. ಗಜೇಂದ್ರಗಡದ ಬಸ್ಸಿನಲ್ಲಿ ಅದು ಸೀಟಿನ ಕೆಳಗೆ ಸೇರಿತು. ರೋಣದಿಂದ ಅಸೂಟಿ ಎಂಬ ಹಳ್ಳಿಗೆ ಹೋಗುವ ಬಸ್ಸಿನಲ್ಲಿ ಮಾತ್ರ ಚಾಲಕನ ಸೀಟಿನ ಹಿಂದೆ, ಸುತಳಿ ದಾರಕ್ಕೆ ಪೆನ್ನು ಕಟ್ಟಿಸಿಕೊಂಡು ಠೀವಿಯಿಂದ ನೇತಾಡಿತು. ಆ ಬಸ್ಸಿನ ಚಾಲಕ ರಾಜೇಸಾಬ.

ರಾಜೇಸಾಬ ಬೆಳವಣಕಿಯವರು. ಮನೆಯವರು ಹೊಲ ಮಾಡಿಕೊಂಡಿದ್ದರು, ಇವರೊಬ್ಬರು ಸ್ಟೇರಿಂಗು ಹಿಡಿದರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಅಸೂಟಿಯ ದಾರಿಯಲ್ಲಿ ಕಂಡಕ್ಟರುಗಳು ಬದಲಾಗುತ್ತಿದ್ದರು, ರಾಜೇಸಾಬ ಬದಲಾಗಿರಲಿಲ್ಲ. "ಇಪ್ಪತ್ತಾರು ವರ್ಸದಾಗ ನನ್ನ ಮ್ಯಾಲ ಒಂದ ಒಂದು ತಕರಾರ ಇಲ್ರಿ ಬಾಯಾರ. ಕೊನಿ ದಿನದ ಮಟಾ ಹಂಗ ಇಟಗೊಂಡು ಇಳದು ಹೋಗಬೇಕು, ಅದೊಂದ ಆಸೆ," ಎಂದು ಪುಸ್ತಕ ಕಟ್ಟಿದ ದಿನವೇ ಹೇಳಿದ್ದರು. ನಾನು ಗಡಿಬಿಡಿಯಲ್ಲಿ ಎರಡು ನಿಯಮ ಹೇಳಿದೆ. ಪ್ರಯಾಣಿಕರಿಗೆ ದೂರು ಬರೆಯಿರಿ ಎಂದು ದಿನವೂ ಹೇಳಬೇಕು. ಅವರು ಅಂಜದೆ ಬರೆಯಲಿ ಎಂದು, ಬರೆದದ್ದನ್ನು ಚಾಲಕನಾಗಲಿ ಕಂಡಕ್ಟರಾಗಲಿ ತೆರೆದು ನೋಡಬಾರದು. ರಾಜೇಸಾಬ ಎರಡಕ್ಕೂ ತಲೆಯಾಡಿಸಿದರು.

ಮಳೆ ಆ ವರ್ಷ ಹಟ ಹಿಡಿದಂತೆ ಬಂತು. ಹೆಸರುಕಾಳಿನ ಕಾಯಿ ಬಿಡಿಸುವ ಹೊತ್ತಿಗೆ ಮೋಡ ಹರಿಯಲೇ ಇಲ್ಲ. ಕಾಯಿ ಗಿಡದಲ್ಲೇ ಮೊಳೆಯುತ್ತದೆ ಎಂದು ಬಸ್ಸಿನಲ್ಲಿ ಹೆಂಗಸರು ಗೋಳಾಡುತ್ತಿದ್ದರು. ಆ ಎರೆಮಣ್ಣಿನಲ್ಲಿ ಮಳೆಗಾಲ ನಡೆದವರಿಗೇ ಗೊತ್ತು. ಹತ್ತು ಹೆಜ್ಜೆ ಇಟ್ಟರೆ ಒಂದೊಂದು ಕಾಲಿಗೂ ಸೇರು ಮಣ್ಣು ಅಂಟಿ, ಚಪ್ಪಲಿ ಕೈಗೆ ಬರುತ್ತದೆ. ಮಲಪ್ರಭೆ ತುಂಬಿ ಕೊಣ್ಣೂರಿನ ಸೇತುವೆ ಮುಳುಗಿತು, ನರಗುಂದದಿಂದ ಆಚೆಗೆ ಹೋಗುವ ಬಸ್ಸುಗಳೆಲ್ಲ ನಿಂತವು. ಗದಗಿನಿಂದ ದಿನಕ್ಕೆ ಮೂರು ಸಲ ಫೋನು: ಮೇಡಂ, ಕಾರ್ಡಿನಲ್ಲಿ ಇಷ್ಟೊಂದು ಕೆಂಪು ಯಾಕೆ? ಹೊಳೆ ಬಂದದ್ದಕ್ಕೆ ನಾನೇನು ಮಾಡಲಿ? ಆದರೂ ನನ್ನನ್ನೇ ಕೇಳುತ್ತಿದ್ದರು. ನನಗೆ ಒಂದೆಡೆ ಕೂರಲಾಗುತ್ತಿರಲಿಲ್ಲ. ಕೊಣ್ಣೂರಿಗೆ ಹೋಗಿ ನೀರು ನೋಡಿ ಬರುತ್ತಿದ್ದೆ. ನಾನು ನೋಡಿದರೆ ನೀರು ಇಳಿಯುತ್ತದೆಯೇ!

ಅಂಥದೊಂದು ದಿನ, ತಿಂಗಳ ಕೊನೆಗೆ, ನರಗುಂದದಿಂದಲೇ ಶಿವಲಿಂಗಪ್ಪನವರಿಗೆ ಫೋನು ಹಚ್ಚಿದೆ.

"ಅಸೂಟಿ ಬಸ್ಸಿನ ಪುಸ್ತಕದಲ್ಲಿ ದೂರು ಎಷ್ಟಿವೆ?"

"ತಡೀರಿ, ಎಣಸ್ತೇನಿ." ಹಾಳೆ ತಿರುವುವ ಸದ್ದು ಕೇಳಿಸಿತು. "ಮೂವತ್ತೊಂದು ಅದಾವ್ರಿ."

"ಮೂವತ್ತೊಂದಾ? ಎಲ್ಲವೂ ದೂರುಗಳೇನಾ?"

"ಎಲ್ಲಾ ದೂರನ ಬರದಾರ್ರಿ ಬಾಯಾರ. ಒಂದರ ಕೆಳಗ ಒಂದು. ಭಾಳ ಮಂದಿ ಬರದಾರ."

ನನಗೆ ಉರಿದುಹೋಯಿತು. ಇಪ್ಪತ್ತಾರು ವರ್ಷ ಒಂದು ತಕರಾರಿಲ್ಲವಂತೆ! ಕೇಳುವವರಿರಲಿಲ್ಲ, ಅದಕ್ಕೇ ಇರಲಿಲ್ಲ. ಕೇಳಿದ ಮೊದಲ ತಿಂಗಳೇ ಮೂವತ್ತೊಂದು ಹೊರಬಿದ್ದವು. ಕೆಂಪು ಟಿಕಳಿ ಹಚ್ಚಿದೆ. ಕೆಂಪು ಮನೆಯ ಎದುರು ಕೈಗೊಳ್ಳಬೇಕಾದ ಕ್ರಮ ಎಂಬ ಜಾಗ ಖಾಲಿ ಬಿಡುವಂತಿರಲಿಲ್ಲ. 'ಚಾಲಕರ ಬದಲಾವಣೆ' ಎಂದು ಎರಡು ಪದ ಬರೆದು ಗದಗಿಗೆ ಕಳಿಸಿದೆ. ಹೊಳೆಯ ಮೇಲೆ ಕ್ರಮ ಕೈಗೊಳ್ಳಲಾಗದೆ ಒದ್ದಾಡುತ್ತಿದ್ದ ಕಚೇರಿಗೆ ಒಬ್ಬ ಮನುಷ್ಯ ಸಿಕ್ಕಿದ. ವಾರದೊಳಗೆ ಆದೇಶ ಬಂತು: ರಾಜೇಸಾಬ ನರಗುಂದ ಡಿಪೋಕ್ಕೆ, ಸೇವಾ ಪುಸ್ತಕದಲ್ಲಿ ಮೂವತ್ತೊಂದು ದೂರುಗಳ ನಮೂದು.

ಅವರು ನನ್ನ ಕೋಣೆಗೆ ಬಂದದ್ದು ಬುಧವಾರ, ನಾನು ಚೀಲ ಹೆಗಲಿಗೆ ಹಾಕಿಕೊಂಡು ಹೊರಟಾಗ. ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು, ನನಗೂ ಜಗಳ ಬರುತ್ತಿತ್ತು. ಟೋಪಿ ತೆಗೆದು ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತರು.

"ಬಾಯಾರ, ನಾ ಎಲ್ಲಿ ಹಾಕಿದ್ರೂ ಗಾಡಿ ಹೊಡೀತೇನ್ರಿ. ಅದರ ಸಲುವಾಗಿ ಬಂದಿಲ್ಲ. ಮಂದಿ ನನ್ನ ಮ್ಯಾಲ ಏನಂತ ಬರದಾರ, ಅದೊಂದು ಓದಿ ಹೇಳ್ರಿ."

"ಮೂವತ್ತೊಂದು ಜನ ಸುಮ್ಮನೆ ಬರೀತಾರಾ ರಾಜೇಸಾಬ್?"

"ಇಲ್ರಿ. ಆ ಮಂದಿ ಸುಳ್ಳ ಹೇಳಂಗಿಲ್ಲ. ಅದಕ್ಕ ಕೇಳಾಕತ್ತೇನಿ. ನಾನು ತಪ್ಪ ಏನ್ ಮಾಡೇನಿ ಅಂತ ತಿಳದರ ತಿದ್ದಕೋತೇನಿ."

"ನೀವೇ ನೋಡಿರಬೇಕಲ್ಲ, ನಿಮ್ಮ ಬೆನ್ನ ಹಿಂದೇ ಇತ್ತಲ್ಲ ಪುಸ್ತಕ."

"ನೋಡಬಾರದು ಅಂತ ನೀವ ಹೇಳಿದ್ರೆಲ್ಲ," ಎಂದರು.

ಶಿವಲಿಂಗಪ್ಪ ಕಳಿಸಿದ ಪುಸ್ತಕ ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿತ್ತು. ಕೈ ಚಾಚಿದರೆ ಸಿಗುತ್ತಿತ್ತು. ಹೊರಗೆ ನರಗುಂದದ ಬಸ್ಸು ಹಾರ್ನ್ ಹೊಡೆಯಿತು. "ಆಮೇಲೆ ಹೇಳ್ತೀನಿ," ಎಂದು ಅವರ ಪಕ್ಕದಿಂದ ನುಸುಳಿ ಓಡಿದೆ. ಬಸ್ಸಿನಲ್ಲಿ ಕೂತು ತಿರುಗಿ ನೋಡಿದರೆ ಇನ್ನೂ ಬಾಗಿಲಲ್ಲೇ ನಿಂತಿದ್ದರು. ಈಗ ಬರೆಯುವಾಗಲೂ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಮುಂದಿನ ತಿಂಗಳು ಅಸೂಟಿ ಬಸ್ಸಿಗೆ ಹೊಸ ಚಾಲಕ, ಹೊಸ ಪುಸ್ತಕ. ತಿಂಗಳ ಕೊನೆಗೆ ಶಿವಲಿಂಗಪ್ಪ ಫೋನಿನಲ್ಲಿ, "ಒಂದೂ ಇಲ್ರಿ ಬಾಯಾರ. ಪುಸ್ತಕ ಕೋರಾ ಐತಿ," ಎಂದರು. ಹಸಿರು ಟಿಕಳಿ ಹಚ್ಚಿದೆ. ಸಾಹೇಬರು ಭಾರಿ ಖುಷಿಯಾದರು. ಕಾರ್ಡು ಅಂದರೆ ಹೀಗಿರಬೇಕು, ಮೂವತ್ತೊಂದು ಇದ್ದದ್ದು ಸೊನ್ನೆಗೆ ಬಂತು ಎಂದು ಮೂರು ಡಿಪೋದವರ ಎದುರಿಗೇ ಹೊಗಳಿದರು. ನಾನು ಹಿಗ್ಗಿ ಹೀರೇಕಾಯಿ ಆದೆ. ಆ ಹಿಗ್ಗು ಎರಡು ದಿನವೂ ಉಳಿಯಲಿಲ್ಲ. ಅಸೂಟಿ ಸಾಲಿನ ಉಳಿದ ಮನೆ ತುಂಬುವಾಗ ಒಂದು ಅಂಕಿ ಕಣ್ಣಿಗೆ ಚುಚ್ಚಿತು. ಆ ಬಸ್ಸಿನ ಪ್ರಯಾಣಿಕರು ಹೋದ ತಿಂಗಳಿಗಿಂತ ಅರ್ಧಕ್ಕರ್ಧ ಕಡಿಮೆಯಾಗಿದ್ದರು.

ದೂರು ಇಲ್ಲ, ಜನವೂ ಇಲ್ಲ. ಇದೆಂಥ ಹಸಿರು? ಮಳೆ ಎಂದುಕೊಳ್ಳೋಣವೆಂದರೆ ಮಳೆ ಎರಡೂ ತಿಂಗಳು ಒಂದೇ ಸಮ. ನೋಟ್ ಬುಕ್ಕಿನಲ್ಲಿ ಅಡಿಗೆರೆ ಹಾಕಿದ ಮಾತು ಆಗ ನೆನಪಾಯಿತು. ಮೂರನೆಯ ದಿನ ಕಪಾಟಿನಿಂದ ಹಳೆಯ ಪುಸ್ತಕ ತೆಗೆದು ಚೀಲಕ್ಕೆ ಹಾಕಿಕೊಂಡು ಅಸೂಟಿ ಬಸ್ಸು ಹತ್ತಿದೆ. ದೂರು ಬರೆದವರನ್ನೇ ಹುಡುಕಿ, ಈಗ ಹೇಗಿದೆ ಎಂದು ಕೇಳುವುದು ನನ್ನ ಯೋಚನೆ.

ಬಸ್ಸಿನಲ್ಲಿ ಆರು ಜನ ಇದ್ದೆವು. ಊರು ದಾಟಿದ ಮೇಲೆ, ಯಾರನ್ನು ಮೊದಲು ಹುಡುಕಲಿ ಎಂದು ಪುಸ್ತಕ ತೆರೆದೆ. ಅಷ್ಟು ದಿನದಲ್ಲಿ ನಾನು ಅದನ್ನು ತೆರೆದದ್ದು ಅದೇ ಮೊದಲು.

ಹೆಸರು: ಫಕೀರವ್ವ. ಊರು: ಹಳ್ಳದ ದಂಡಿ ಹೊಲ. ದೂರ: ರಸ್ತಾದ ಮಟಾ ಒಂದೂವರಿ ಮೈಲಿ.

ಇದೇನು ಎಂದು ಮುಂದಿನ ಸಾಲು ನೋಡಿದೆ. ಊರು: ಕರಿ ಬಸಪ್ಪನ ಹೊಲದ ಮನಿ. ದೂರ: ಬ್ಯಾಸಗಿ ಒಳಗ ಅರ್ಧಾ ತಾಸು, ಮಳಿಗಾಲದಾಗ ಒಂದು ತಾಸು. ಅದರ ಕೆಳಗೆ ಒಬ್ಬ ಶಾಲೆಯ ಹುಡುಗಿಯ ದುಂಡನೆಯ ಅಕ್ಷರ: ದೂರ ಎರಡು ಮೈಲಿ, ಆದರೆ ಡ್ರೈವರ್ ಕಾಕಾ ಜಾಲಿ ಗಿಡದ ಹತ್ತಿರ ನಿಲ್ಲಿಸುತ್ತಾರೆ, ಆದ್ದರಿಂದ ಒಂದೇ ಮೈಲಿ. ಇನ್ನೊಬ್ಬರದು: ದೂರ ಗೊತ್ತಿಲ್ಲ, ಎರಡು ಸಲ ಕುಂತು ಏಳಬೇಕು. ಹಾಳೆ ತಿರುವಿದೆ. ಮೈಲಿ, ಹರದಾರಿ, ತಾಸು. ಮೂವತ್ತೊಂದು ಸಾಲುಗಳಲ್ಲಿ ಒಂದು ತಕರಾರೂ ಇರಲಿಲ್ಲ.

ಪುಸ್ತಕ ಮುಚ್ಚಿ ಕಿಟಕಿಯಾಚೆ ನೋಡಿದೆ. ಹೊಲದ ದಾರಿಯೊಂದು ರಸ್ತೆಗೆ ಸೇರುವಲ್ಲಿ ಜಾಲಿ ಗಿಡ, ಅದರ ಕೆಳಗೆ ಚಪ್ಪಲಿ ಕೈಯಲ್ಲಿ ಹಿಡಿದ ಇಬ್ಬರು ಹುಡುಗಿಯರು, ಮೊಣಕಾಲುಮಟ ಮಣ್ಣು. ಕೈ ಎತ್ತಿದರು. ಬಸ್ಸು ನಿಲ್ಲಲಿಲ್ಲ.

"ನಿಲ್ಲಿಸಿ! ಅಲ್ಲಿ ಜನ ಇದ್ದಾರೆ!" ಎಂದು ಕೂಗಿದೆ.

"ಇಲ್ಲಿ ಸ್ಟಾಪ್ ಇಲ್ರಿ ಬಾಯಾರ," ಎಂದ ಹೊಸ ಚಾಲಕ, ತಿರುಗಿಯೂ ನೋಡದೆ. "ಹಿಂಗ ಸಿಕ್ಕಸಿಕ್ಕಲ್ಲಿ ನಿಲ್ಲಿಸಿದ್ರ ಹೊತ್ತಿಗೆ ಮುಟ್ಟಂಗಿಲ್ಲ. ನಿಮ್ಮ ಕಾರ್ಡಿನ್ಯಾಗ ಕೆಂಪ ಟಿಕಳಿ ಬರ್ತೈತಿ."

ಮುಖಕ್ಕೆ ಮಂಗಳಾರತಿ ಎತ್ತಿದಂತಾಯಿತು. ಅವನದೇನೂ ತಪ್ಪಿರಲಿಲ್ಲ.

ಅಸೂಟಿಯಲ್ಲಿ ಇಳಿದು ಫಕೀರವ್ವ ಯಾರು ಎಂದು ಕೇಳಿದೆ. ಎಲ್ಲರಿಗೂ ಗೊತ್ತಿದ್ದ ಹೆಂಗಸು. ಹೊಲದಲ್ಲೇ ಮನೆ ಮಾಡಿಕೊಂಡು, ದಿನವೂ ಮೆಂತ್ಯ, ಪುಂಡಿ ಸೊಪ್ಪಿನ ಕಟ್ಟು ಕಟ್ಟಿಕೊಂಡು ರೋಣದ ಸಂತೆಗೆ, ಬಜಾರಿಗೆ ಹೋಗುವವಳು. ಆ ದಿನ ಬೆಳಗಿನ ಬಸ್ಸು ಹಳ್ಳದ ದಂಡೆಯಲ್ಲಿ ನಿಲ್ಲದೆ ಹೋದದ್ದರಿಂದ, ಊರ ಬಾಯಲ್ಲಿ ಟೆಂಪೋ ಕಾಯುತ್ತ ಬುಟ್ಟಿಯ ಮೇಲೆ ಗೋಣಿಚೀಲ ಮುಚ್ಚಿಕೊಂಡು ಕೂತಿದ್ದಳು. ನಾನು ಪುಸ್ತಕ ತೋರಿಸಿದ್ದೇ ಅವಳ ಮುಖ ಅರಳಿತು.

"ಬಂದ್ರ್ಯಾ ಯವ್ವಾ! ನೀವ ಏನ ದೂರ ಕೇಳಿ ಕಳಿಸಿದವರು? ನೋಡ, ನಮ್ಮ ರಾಜೇಸಾಬ ಹೇಳಿದ್ದ, ನಿಮ್ಮ ದೂರ ಏನೇನ ಐತಿ ಎಲ್ಲಾರೂ ಬರಸ್ರಿ, ಮ್ಯಾಲಿನವರು ಕೇಳ್ಯಾರ ಅಂತ. ನಾವೂ ಅಂದ್ವಿ, ಎಷ್ಟ ವರ್ಸ ಆದಮ್ಯಾಲ ಯಾರೋ ಪುಣ್ಯಾತ್ಮರು ನಾವು ಎಷ್ಟ ದೂರ ನಡೀತೀವಿ ಅಂತ ಕೇಳಾಕತ್ತಾರ. ಸಾಲಿ ಹುಡಿಗ್ಯಾರ ಕಡೆ ಬರಸಿದ್ವಿ. ಸ್ಟಾಪ್ ಮಾಡ್ತಾರಂತ ಹಾದಿ ನೋಡಾಕತ್ತೇವಿ. ನೀವು ನೋಡಿದ್ರ ಇದ್ದ ಡ್ರೈವರನ್ನೂ ಕಸಗೊಂಡ್ರಿ."

"ಅದು ದೂರ ಅಲ್ಲ, ದೂರು," ಎಂದೆ. "ಬಸ್ಸಿನ ಮೇಲೆ, ಚಾಲಕರ ಮೇಲೆ ಏನಾದರೂ ತೊಂದರೆ ಇದ್ದರೆ ಹೇಳೋದು..."

ಫಕೀರವ್ವ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ತಕರಾರನ? ಹಂಗಾರ ತಕರಾರ ಅನ್ನಬೇಕಿಲ್ಲೋ ಯವ್ವಾ! ರಾಜೇಸಾಬನ ಮ್ಯಾಲ ತಕರಾರ ನಾವ್ಯಾಕ ಬರಸೂಣು? ನಮ್ಮ ನಾಲಿಗಿಗೆ ಹುಳಾ ಬೀಳ್ತಾವ." ಆಮೇಲೆ ಮೆಲ್ಲಗೆ ಕೇಳಿದಳು: "ನಾವು ಬರಸಿದ್ದರಿಂದ ಅವರನ್ನ ಕಳಿಸ್ಯಾರನು?"

ಹೌದು ಎಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಅತ್ತೆ, ಅಲ್ಲೇ, ಪುಂಡಿ ಪಲ್ಲೆಯ ಬುಟ್ಟಿಯ ಪಕ್ಕ.

ಮಾರನೆಯ ದಿನ ಗದಗಿಗೆ ಹೋದೆ. ಸಾಹೇಬರು ಕೆಟ್ಟವರಲ್ಲ, ನನ್ನಂತೆಯೇ ಅವಸರದವರು. "ಹಸಿರು ಬಂದಿದೆಯಲ್ಲ ಮೇಡಂ, ಮತ್ತೇನು?" ಎಂದರು. ಪುಸ್ತಕ ತೆರೆದು ಮೊದಲ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದೆ. ಮೊದಲು ನಕ್ಕರು. 'ಎರಡು ಸಲ ಕುಂತು ಏಳಬೇಕು' ಎಂಬಲ್ಲಿ ನಗು ನಿಂತಿತು. ಹನ್ನೆರಡನೆಯ ಸಾಲಿಗೆ ಕೈ ಎತ್ತಿ ಸಾಕು ಎಂದರು.

"ಯಾರ ತಪ್ಪು ಅಂತ ಕಡತದಲ್ಲಿ ಬರೀಬೇಕಾಗುತ್ತೆ."

"ನಂದು ಅಂತ ಬರೀರಿ. ಎಣಿಸಿದೆ, ಓದಲಿಲ್ಲ."

ಹಾಗೇ ಬರೆದರು. ಎಚ್ಚರಿಕೆ ಪತ್ರ ಒಂದು ನನ್ನ ಸೇವಾ ಪುಸ್ತಕಕ್ಕೆ ಬಂತು. ಅದು ನನಗೆ ಹಗುರವೇ ಆಯಿತು. ಸಾಹೇಬರು ರಾಜೇಸಾಬರ ಸೇವಾ ಪುಸ್ತಕ ತರಿಸಿ, ಮೂವತ್ತೊಂದು ಎಂಬ ನಮೂದಿಗೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ 'ದೂರು ಇಲ್ಲ' ಎಂದು ತಾವೇ ಬರೆದು ಸಹಿ ಹಾಕಿದರು. ಕಾರ್ಡಿನ ಪ್ರಯಾಣಿಕರ ಮನೆಯಲ್ಲಿ ದೂರು ಎಣಿಸುವುದು ನಿಂತಿತು. ಪುಸ್ತಕ ಹಾಗೇ ಉಳಿಯಿತು, ಆದರೆ ತಿಂಗಳಿಗೊಮ್ಮೆ ಅದನ್ನು ಓದಿ, ಓದಿದ್ದರಿಂದ ಏನು ಮಾಡಿದೆವು ಎಂದು ಬರೆಯಬೇಕು ಎಂದಾಯಿತು. ಜಾಲಿ ಗಿಡ, ಹಳ್ಳದ ದಂಡೆ, ಹೀಗೆ ಐದು ಕಡೆ ಕೈ ಎತ್ತಿದರೆ ನಿಲ್ಲಿಸಬಹುದೆಂದು ಆದೇಶವೂ ಆಯಿತು.

ಈ ಮಾತನ್ನು ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ಫೋನಿನಲ್ಲಿ ಕೇಳಿಯೇ ಅಲ್ಲವೇ ಇಷ್ಟೆಲ್ಲ ಆದದ್ದು? ನರಗುಂದಕ್ಕೆ ಹೋದೆ. ಅವರ ಬಸ್ಸು ಕೊಣ್ಣೂರಿಗೆ ಹೋಗಿದೆ ಎಂದರು. ಕೊಣ್ಣೂರಿಗೆ ಹೋದೆ. ನೀರು ಸೇತುವೆಯಿಂದ ಇಳಿಯುತ್ತಿತ್ತು, ಕಟ್ಟೆಗೆ ಕಸ ಕಡ್ಡಿ ಸಿಕ್ಕಿಕೊಂಡಿದ್ದವು. ಈಚೆ ದಡದಲ್ಲಿ ಬಸ್ಸು ನಿಲ್ಲಿಸಿಕೊಂಡು ರಾಜೇಸಾಬ ಚಕ್ರಕ್ಕಂಟಿದ ಮಣ್ಣನ್ನು ಕಟ್ಟಿಗೆಯಿಂದ ಕೆರೆಯುತ್ತಿದ್ದರು.

"ನೀವು ಕೇಳಿದ್ದನ್ನ ಓದಿ ಹೇಳೋಕೆ ಬಂದಿದ್ದೀನಿ," ಎಂದೆ.

ಕಟ್ಟಿಗೆ ಬಿಟ್ಟು ಕೈ ಒರೆಸಿಕೊಂಡು ಎದುರಿಗೆ ನಿಂತರು. ಮೂವತ್ತೊಂದೂ ಓದಿದೆ. ಒಂದೊಂದು ಹೆಸರಿಗೂ ತಲೆಯಾಡಿಸಿದರು, ಆ ಮನುಷ್ಯರು ಎದುರಿಗೆ ಬಂದು ನಿಂತಂತೆ. ಮುಗಿದ ಮೇಲೆ ಕೇಳಿದರು:

"ತಕರಾರ ಒಂದೂ ಇಲ್ಲೇನ್ರಿ?"

"ಒಂದೂ ಇಲ್ಲ."

"ಖರೇ ಹೇಳ್ರಿ. ಒಂದೂ ಇಲ್ಲಾ?"

"ಒಂದೂ ಇಲ್ಲ ರಾಜೇಸಾಬ್. ತಪ್ಪಾಯ್ತು. ನನ್ನಿಂದ ತಪ್ಪಾಯ್ತು."

ಹೊಳೆಯ ಕಡೆ ಮುಖ ತಿರುಗಿಸಿದರು. ಆಮೇಲೆ ಇತ್ತ ತಿರುಗಿದಾಗ ನಗುತ್ತಿದ್ದರು. "ನಂದೂ ತಪ್ಪೈತ್ರಿ. ತಕರಾರ ಅಂತ ಹೇಳಿದ್ರ ಮಂದಿಗೆ ಲಗೂ ತಿಳೀತಿತ್ತು. ನೀವು ಕಲತವರು, ದೊಡ್ಡ ಶಬ್ದ ಕೊಟ್ಟೀರಿ, ಅದನ್ನ ಸಣ್ಣದು ಮಾಡಬಾರದು ಅಂತ ಹಂಗ ಹೇಳಿದೆ. ಅಲ್ರಿ, ಬೆನ್ನಿಗೆ ಪುಸ್ತಕ ಇಟಗೊಂಡು ಒಂದು ತಿಂಗಳ ಅಂಜಿ ಅಂಜಿ ಗಾಡಿ ಹೊಡದೇನಿ!"

ಜೋಳ ಬಿತ್ತುವ ಹೊತ್ತಿಗೆ ಅವರು ಅಸೂಟಿ ಬಸ್ಸಿಗೆ ಮರಳಿದರು. ಆ ತಿಂಗಳ ಪುಸ್ತಕ ಎಣಿಸಲು ನಾನು ಫೋನು ಮಾಡಲಿಲ್ಲ. ನಿಲ್ದಾಣಕ್ಕೆ ನಡೆದು ಹೋಗಿ ಶಿವಲಿಂಗಪ್ಪನವರ ಕೈಯಿಂದ ತೆಗೆದುಕೊಂಡು, ನಿಂತಲ್ಲೇ ತೆರೆದೆ. ಹೊದಿಕೆಯ ಮೇಲೆ 'ದೂರ ಪುಸ್ತಕ' ಎಂದೇ ಇತ್ತು, ತಿದ್ದಿಸಬೇಕೆಂದು ನನಗೆ ಆಮೇಲೂ ಅನ್ನಿಸಲಿಲ್ಲ. ಒಳಗೆ ಒಂದೇ ಒಂದು ಸಾಲು ಇತ್ತು, ಅದೇ ಶಾಲೆಯ ಹುಡುಗಿಯ ದುಂಡನೆಯ ಅಕ್ಷರದಲ್ಲಿ. ಪಕ್ಕದಲ್ಲಿ ಹೆಬ್ಬೆರಳಿನ ಗುರುತು, ಮಸಿಯ ಜೊತೆ ಸ್ವಲ್ಪ ಎರೆಮಣ್ಣು.

ಹೆಸರು: ಫಕೀರವ್ವ. ಊರು: ಹಳ್ಳದ ದಂಡಿ ಹೊಲ. ದೂರ ಇಲ್ಲ.